ಬಣ್ಣದ ಗಾಜಿನಲ್ಲಿ ಉಳಿದವರು

ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ‘ಇಂಥವರ ಸ್ಮರಣಾರ್ಥ ಇಂಥವರ ಸೇವೆ’ ಅಂತ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿರುತ್ತಾರಲ್ಲ, ನೀವೂ ನೋಡಿರುತ್ತೀರಿ. ತೀರಿಕೊಂಡವರ ಹೆಸರು, ಕೊಟ್ಟವರ ಹೆಸರು, ಅವರ ಅಂಗಡಿಯ ಹೆಸರು ಎಲ್ಲಾ ಬರೆಸಿದ ಮೇಲೆ ಬೆಳಕು ಹೊರಗೆ ಬರೋದಕ್ಕೆ ಜಾಗವೇ ಇರೋದಿಲ್ಲ. ನಮ್ಮ ಮನೆಯವರಿಗೆ ಇದನ್ನು ಕಂಡರೆ ತಮಾಷೆ. ನನಗೆ ಹಾಗನ್ನಿಸೋದಿಲ್ಲ. ಹೋದವರ ಹೆಸರು ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಇರಲಿ ಅನ್ನೋ ಆಸೆ ಯಾರಿಗಿಲ್ಲ ಹೇಳಿ?

ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಇದೇ ಆಸೆ ಕಿಟಕಿಯಾಗಿ ನಿಂತಿದೆ. ಬಣ್ಣಬಣ್ಣದ ಗಾಜಿನ ಆ ಎತ್ತರದ ಕಿಟಕಿಗಳನ್ನು ಸಿನಿಮಾದಲ್ಲೋ ಕ್ಯಾಲೆಂಡರಿನಲ್ಲೋ ನೋಡಿರುತ್ತೀರಿ. ಯಾರೋ ಸಂತರು, ದೇವದೂತರು ಅಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಎಷ್ಟೋ ಕಿಟಕಿಗಳ ಕೆಳಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಇಂಥವರ ಪ್ರೀತಿಯ ನೆನಪಿಗೆ, ಇಂಥ ವರ್ಷ ತೀರಿಕೊಂಡರು, ಮಾಡಿಸಿದವರು ಇಂಥವರು, ಅಂತ. ಆ ಒಂದು ಸಾಲಿಗಾಗಿಯೇ ಮೇಲಿನ ಅಷ್ಟೂ ಚಿತ್ರ.

ಈ ಕಿಟಕಿ ಮಾಡೋ ಕೆಲಸ ಹೊಲಿಗೆ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ರವಿಕೆಗೆ ಪೇಪರ್ ಕಟಿಂಗ್ ಮಾಡಿಕೊಳ್ಳುವ ಹಾಗೆ ಮೊದಲು ಕಿಟಕಿಯ ಅಳತೆಗೇ ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಅದರ ಪ್ರಕಾರ ಬೇರೆ ಬೇರೆ ಬಣ್ಣದ ಗಾಜನ್ನು ತುಂಡು ತುಂಡಾಗಿ ಕತ್ತರಿಸುತ್ತಾರೆ. ಬಣ್ಣ ಗಾಜಿಗೆ ಮೇಲಿಂದ ಬಳಿದದ್ದಲ್ಲ, ಗಾಜು ಕರಗಿಸುವಾಗಲೇ ಲೋಹದ ಪುಡಿ ಸೇರಿಸಿರುತ್ತಾರೆ. ಗಾಢ ನೀಲಿಗೆ ಕೋಬಾಲ್ಟ್ ಹಾಕುತ್ತಾರೆ. ಕಣ್ಣು, ಮೂಗು, ಸೆರಗಿನ ನೆರಿಗೆ ಇವನ್ನು ಮಾತ್ರ ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ಆಮೇಲೆ ತುಂಡುಗಳ ಮಧ್ಯೆ ಸೀಸದ ಪಟ್ಟಿ ಇಟ್ಟು ಬೆಸುಗೆ ಹಾಕಿ ಜೋಡಿಸುತ್ತಾರೆ. ನಮ್ಮ ಕೌದಿ ಇದ್ದಂತೆಯೇ, ದಾರದ ಬದಲು ಸೀಸ. ಇದರ ಅಂದ ನೋಡಬೇಕಾದರೆ ಹಗಲು ಹೊತ್ತು ಒಳಗಿರಬೇಕು. ಹೊರಗಿನಿಂದ ನೋಡಿದರೆ ಮಸಿ ಹಿಡಿದ ಗಾಜು, ಅಷ್ಟೇ.

ಮೊದಲೆಲ್ಲ ಅಲ್ಲಿ ಸತ್ತವರ ನೆನಪಿಗೆ ಗೋಡೆಯ ಮೇಲೆ ಕಲ್ಲು ಕೂರಿಸುತ್ತಿದ್ದದ್ದೇ ಹೆಚ್ಚು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಿಟಕಿ ಮಾಡಿಸುವ ರೂಢಿ ಜೋರಾಯಿತು. 1914ರಿಂದ 1918ರವರೆಗಿನ ಮಹಾಯುದ್ಧ ಮುಗಿದ ಮೇಲಂತೂ ಮಗನನ್ನು ಕಳೆದುಕೊಂಡ ಮನೆಗಳಿಂದ ಇನ್ನಷ್ಟು ಕಿಟಕಿಗಳು ಬಂದವು. ಯಾರಿಗೆ ಯಾವ ಚಿತ್ರ ಅನ್ನೋದಕ್ಕೂ ಒಂದು ಪದ್ಧತಿ ಬೆಳೆಯಿತು. ಯುದ್ಧದಲ್ಲಿ ಮಡಿದ ಹುಡುಗನಿಗೆ ಕವಚ ತೊಟ್ಟ ಸಂತ ಜಾರ್ಜ್. ಕೆಲವು ಕಡೆ ಆ ಸಂತನಿಗೆ ಹುಡುಗನ ಮುಖವನ್ನೇ ಕೊಟ್ಟಿದ್ದಾರೆ. ಎಳೆಯ ಮಗು ಹೋಗಿದ್ದರೆ ಮಕ್ಕಳನ್ನು ಹತ್ತಿರ ಕರೆದು ಕೂರಿಸಿಕೊಂಡ ಯೇಸು. ಮನೆಯ ಯಜಮಾನಿಗೆ ಹಲವು ಕಡೆ ದೊರ್ಕ. ಬೈಬಲ್ಲಿನಲ್ಲಿ ಬರುವ ಈ ದೊರ್ಕ ಬಡ ವಿಧವೆಯರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದವಳು. ಅವಳು ಸತ್ತಾಗ ಆ ಹೆಂಗಸರೆಲ್ಲ ಅವಳು ಹೊಲಿದ ಬಟ್ಟೆಗಳನ್ನು ತೋರಿಸಿ ತೋರಿಸಿ ಅತ್ತರಂತೆ. ಒಳ್ಳೆಯ ಆಯ್ಕೆ ಅಂತ ನನಗನ್ನಿಸಿತು. ಆದರೆ ಕೆಳಗಿನ ಸಾಲಿಗೆ ಬಂದರೆ ಆ ಯಜಮಾನಿಯ ಹೆಸರು ಒಂದು ಮಾತಿನಲ್ಲಿ ಮುಗಿದು, ‘ಇಂಥ ಊರಿನ ಇಂಥ ಹುದ್ದೆಯ ಇಂಥವರ ಪ್ರೀತಿಯ ಪತ್ನಿ’ ಅನ್ನೋದೇ ಉದ್ದವಾಗಿರುತ್ತದೆ. ನಮ್ಮ ಮದುವೆ ಕರೆಯೋಲೆಗಳ ಹಾಗೇ ಅನ್ನಿ.

ಸ್ವಂತ ಕೆಲಸದಿಂದಲೇ ಕಿಟಕಿಗೆ ಬಂದ ಹೆಂಗಸರೂ ಇದ್ದಾರೆ. ನಾರ್ಫೋಕ್ ಸೀಮೆಯಲ್ಲಿ ಸ್ವಾರ್ಡ್‌ಸ್ಟನ್ ಅನ್ನೋ ಹಳ್ಳಿ. ಅಲ್ಲಿನ ಪಾದ್ರಿಯ ಮಗಳು ಈಡಿತ್ ಕ್ಯಾವೆಲ್ ನರ್ಸ್ ಆಗಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ನರ್ಸುಗಳ ಶಾಲೆ ನಡೆಸುತ್ತಿದ್ದರು. ಯುದ್ಧದಲ್ಲಿ ಜರ್ಮನರು ಆ ಊರನ್ನು ಹಿಡಿದರು. ಕ್ಯಾವೆಲ್ ಗಾಯಗೊಂಡವನು ಜರ್ಮನ್ನನೋ ಇಂಗ್ಲಿಷಿನವನೋ ಅಂತ ನೋಡದೆ ಆರೈಕೆ ಮಾಡಿದರು. ಜೊತೆಗೆ ಸುಮಾರು 200 ಸೈನಿಕರು ತಪ್ಪಿಸಿಕೊಂಡು ಗಡಿ ದಾಟೋದಕ್ಕೆ ನೆರವಾದರು. ಅದಕ್ಕಾಗಿ 1915ರ ಅಕ್ಟೋಬರ್ 12ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 49 ವರ್ಷ. ಅಪ್ಪ ಪೂಜೆ ಮಾಡಿಸುತ್ತಿದ್ದ ಆ ಚರ್ಚಿನ ಪೂರ್ವದ ಕಿಟಕಿಯಲ್ಲೇ ಈಗ ಮಗಳು ನರ್ಸಿನ ಉಡುಪಿನಲ್ಲಿ ಮಂಡಿಯೂರಿ ಕೂತಿದ್ದಾರೆ.

ಕ್ಯಾವೆಲ್ ದೊಡ್ಡ ಕೆಲಸ ಮಾಡಿದವರು, ಸರಿ. ಏನೂ ಮಾಡುವ ಮೊದಲೇ ಹೊರಟುಹೋದವರ ಗತಿ? ನನಗೆ ಬಹಳ ಹಿಡಿಸಿದ್ದು ಅಂಥ ಒಬ್ಬ ಹುಡುಗಿಯ ಕಿಟಕಿ.

ಕೆಂಟ್ ಸೀಮೆಯಲ್ಲಿ ಟನ್‌ಬ್ರಿಜ್ ಊರಿನ ಹತ್ತಿರ ಟ್ಯೂಡ್ಲಿ ಅನ್ನೋ ಸಣ್ಣ ಹಳ್ಳಿ. ಅಲ್ಲೊಂದು ಪುಟ್ಟ ಹಳೇ ಚರ್ಚು, ಅದಕ್ಕೆ ಇಟ್ಟಿಗೆಯ ಗೋಪುರ. ಹತ್ತಿರದ ಸೋಮರ್‌ಹಿಲ್ ಅನ್ನೋ ದೊಡ್ಡ ಬಂಗಲೆಯಲ್ಲಿ ಸರ್ ಹೆನ್ರಿ ದಾವಿಗ್ದೋರ್ ಗೋಲ್ಡ್‌ಸ್ಮಿಡ್ ಅನ್ನೋ ಪಾರ್ಲಿಮೆಂಟ್ ಸದಸ್ಯರ ಸಂಸಾರ ಇತ್ತು. ಅವರು ಯೆಹೂದಿಗಳು, ಹೆಂಡತಿ ರೋಸ್‌ಮೇರಿ ಕ್ರೈಸ್ತರು. ಇಬ್ಬರು ಹೆಣ್ಣುಮಕ್ಕಳು ತಾಯಿಯ ಧರ್ಮದಲ್ಲೇ ಬೆಳೆದರು. ಅವರಲ್ಲಿ ಸಾರಾಳಿಗೆ ಚಿತ್ರಕಲೆ ಅಂದರೆ ಪ್ರಾಣ. 1961ರಲ್ಲಿ ಪ್ಯಾರಿಸ್ಸಿನಲ್ಲಿ ಮಾರ್ಕ್ ಶಾಗಾಲ್ ಅನ್ನೋ ಪ್ರಸಿದ್ಧ ಚಿತ್ರಕಾರರ ಗಾಜಿನ ಕಿಟಕಿಗಳ ಪ್ರದರ್ಶನ ನಡೆಯಿತು. ಜೆರೂಸಲೇಮಿನ ಒಂದು ಆಸ್ಪತ್ರೆಯ ಪ್ರಾರ್ಥನಾಮಂದಿರಕ್ಕೆ ಅಂತ ಮಾಡಿದ 12 ಕಿಟಕಿಗಳು ಅವು. ತಾಯಿ, ಮಗಳು ಇಬ್ಬರೂ ಅವನ್ನು ನೋಡಿ ಬಂದಿದ್ದರು. ಎರಡು ವರ್ಷ ಕಳೆದು, 1963ರ ಸೆಪ್ಟೆಂಬರಿನಲ್ಲಿ, ರೈ ಅನ್ನೋ ಊರಿನ ಕಡಲಿನಲ್ಲಿ ಹಾಯಿದೋಣಿಯ ಅಪಘಾತವಾಗಿ ಸಾರಾ ಮುಳುಗಿಹೋದಳು. ಅವಳಿಗೆ ಇನ್ನೂ 21.

ಮಗಳಿಗೆ ಇಷ್ಟವಾಗಿದ್ದ ಆ ಚಿತ್ರಕಾರರಿಂದಲೇ ಒಂದು ಕಿಟಕಿ ಮಾಡಿಸಬೇಕು ಅಂತ ತಂದೆತಾಯಿ ಹೊರಟರು. ಶಾಗಾಲ್ ಕೂಡ ಯೆಹೂದಿ. ರಷ್ಯಾ ಸಾಮ್ರಾಜ್ಯದ ವಿಟೆಬ್ಸ್ಕ್‌ನಲ್ಲಿ 1887ರಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ನೆಲೆಸಿ, ನಾಜಿಗಳ ಕಾಟಕ್ಕೆ 1941ರಲ್ಲಿ ಅಮೆರಿಕಕ್ಕೆ ಓಡಿಹೋದವರು. ಅಲ್ಲೇ ಹೆಂಡತಿ ಬೆಲ್ಲಾಳನ್ನು ಕಳೆದುಕೊಂಡವರು. ಯೆಹೂದಿ ತಂದೆ, ಯೆಹೂದಿ ಕಲಾವಿದ, ಯೇಸುವಿನ ಗುಡಿ. ನೋಡಿ, ದುಃಖ ಬಂದಾಗ ಎಂಥೆಂಥ ಗೋಡೆ ಸರಿಯುತ್ತದೆ! ಚಿತ್ರ ಶಾಗಾಲರದು, ಅದನ್ನು ಗಾಜಿಗೆ ಇಳಿಸಿದವರು ಫ್ರಾನ್ಸಿನ ಶಾರ್ಲ್ ಮಾರ್ಕ್.

ಆ ಕಿಟಕಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆಲ್ಲ ನೀಲಿ ಸಮುದ್ರ, ಅಲೆಗಳ ನಡುವೆ ಒಬ್ಬ ಹುಡುಗಿ. ಸಾವನ್ನು ಸುತ್ತಿ ಬಳಸಿ ಹೇಳಿಲ್ಲ, ಅವಳು ಹೇಗೆ ಹೋದಳೋ ಹಾಗೇ ತೋರಿಸಿದ್ದಾರೆ. ಅಲ್ಲೇ ದುಃಖಪಡುವವರು, ಇಬ್ಬರು ಮಕ್ಕಳನ್ನು ಹಿಡಿದುಕೊಂಡ ತಾಯಿ. ಇನ್ನೂ ಮೇಲೆ ಕೆಂಪು ಕುದುರೆ, ಮೇಲಕ್ಕೆ ಹೋಗುವ ಒಂದು ಏಣಿ, ಎಲ್ಲಕ್ಕಿಂತ ಮೇಲೆ ಶಿಲುಬೆಯಲ್ಲಿ ಯೇಸು. ನಮ್ಮ ಊರುಗಳ ವೀರಗಲ್ಲುಗಳನ್ನೂ ಹೀಗೇ ಓದಬೇಕಲ್ಲವೇ? ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಹೋದವರು ಮೇಲಕ್ಕೇ ಹೋದರು ಅಂತ ಕಲ್ಲಿನಲ್ಲೋ ಗಾಜಿನಲ್ಲೋ ಬರೆಸಿಕೊಂಡರೆ ಉಳಿದವರಿಗೆ ಒಂದಿಷ್ಟು ಸಮಾಧಾನ.

1967ರಲ್ಲಿ ಈ ಕಿಟಕಿ ಕೂರಿಸಿದಾಗ 80 ವರ್ಷದ ಶಾಗಾಲ್ ನೋಡಲು ಬಂದರು. ತಂದೆತಾಯಿ ಕೇಳಿದ್ದು ಒಂದೇ ಕಿಟಕಿ. ಇವರು ಆ ಪುಟ್ಟ ಚರ್ಚನ್ನು ಕಣ್ಣು ತುಂಬ ನೋಡಿ, ಉಳಿದ ಕಿಟಕಿಗಳನ್ನೂ ನಾನೇ ಮಾಡಿಕೊಡುತ್ತೇನೆ ಅಂದರಂತೆ. ಉಳಿದದ್ದು 11. ಒಂದೊಂದಾಗಿ ಮಾಡುತ್ತಾ 18 ವರ್ಷ ಹಿಡಿಯಿತು. ಅವುಗಳಲ್ಲಿ ಮುಳುಗುವ ಹುಡುಗಿಯಿಲ್ಲ. ಹಕ್ಕಿಗಳು, ಎಲೆಗಳು, ದೇವದೂತರು ನೀಲಿಯೊಳಗೆ ತೇಲುತ್ತಿರುತ್ತಾರೆ. ದಕ್ಷಿಣದ ಕಡೆಯದಂತೂ ಅರಿಸಿನದ ಬಂಗಾರ ಬಣ್ಣ, ಬಿಸಿಲು ಬಿದ್ದರೆ ನೆಲವೆಲ್ಲ ಹಳದಿ. ಕೊನೆಯ ಕಿಟಕಿಗಳು ಬಂದದ್ದು 1985ರಲ್ಲಿ. ಅದೇ ವರ್ಷ ಮಾರ್ಚಿಯಲ್ಲಿ ಶಾಗಾಲ್ 97ನೇ ವಯಸ್ಸಿನಲ್ಲಿ ತೀರಿಕೊಂಡರು. ಹುಡುಗಿಯ ತಂದೆ 1976ರಲ್ಲೇ ಹೋಗಿದ್ದರು, ಹನ್ನೆರಡೂ ಕಿಟಕಿಗಳನ್ನು ಒಟ್ಟಿಗೆ ನೋಡುವ ಯೋಗ ಅವರಿಗಿರಲಿಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ಹೊಸ ಕಿಟಕಿ ಬರಬೇಕಾದರೆ ಹಳೆಯದು ಹೋಗಬೇಕಲ್ಲ? ಅಲ್ಲಿ ವಿಕ್ಟೋರಿಯಾ ಕಾಲದ ಗಾಜು ಇತ್ತು. ಹಿಂದಿನವರು ಭಕ್ತಿಯಿಂದ ಕೂರಿಸಿದ್ದು, ಹೊಸದು ಚೆಂದ ಅಂತ ಕಿತ್ತು ಬಿಸಾಡೋದಕ್ಕಾಗುತ್ತದೆಯೇ? ಅವರು ಬಿಸಾಡಲಿಲ್ಲ. ಪಾದ್ರಿಗಳು ಉಡುಪು ಬದಲಾಯಿಸುವ ಕೋಣೆಯಲ್ಲಿ ಆ ಹಳೆಯ ಗಾಜನ್ನು ಕೂರಿಸಿ, ಹಿಂದೆ ದೀಪ ಇಟ್ಟು ಉಳಿಸಿಕೊಂಡಿದ್ದಾರೆ. ಹೊಸ ಸೊಸೆ ಬಂದಳು ಅಂತ ಅತ್ತೆಯ ಮಂಚವನ್ನು ಅಟ್ಟಕ್ಕೆ ಹಾಕುವವರು ಇದನ್ನು ಕೇಳಬೇಕು!

ಇಷ್ಟು ಓದಿದ ಮೇಲೆ ನಿಮಗೂ ಒಂದು ಮಾತು ತೋಚಿರಬಹುದು. ಬಂಗಲೆಯವರ ಮಗಳಿಗೆ ಶಾಗಾಲ್ ಕಿಟಕಿ ಬಂತು, ಅದೇ ಕಡಲಿನಲ್ಲಿ ಮುಳುಗಿದ ಬೆಸ್ತರ ಮಕ್ಕಳಿಗೆ? ನನ್ನ ಮನಸ್ಸಿಗೂ ಅದು ಬಂತು. ಬಂದ ಕೂಡಲೇ ತಂದೆತಾಯಿಯ ಮೇಲೆ ಕೋಪ ಬರಲಿಲ್ಲ, ಯಾಕೆಂದರೆ ಇದ್ದ ದುಡ್ಡನ್ನು ಅವರು ಬೀಗ ಹಾಕಿದ ಗೋರಿಗೆ ಸುರಿಯಲಿಲ್ಲ, ಊರವರು ಬಂದು ಕೂರುವ ಜಾಗಕ್ಕೆ ಕೊಟ್ಟರು. ಆದರೂ ಬಡವರ ಹೆಸರು ಗಾಜಿಗೆ ಏರುವುದು ಅಪರೂಪ ಅನ್ನೋದು ನಿಜ. ಏರಿದ ಒಂದು ಕಡೆ ನನಗೆ ಗೊತ್ತು. ಅದು ಹಳ್ಳಿಯ ಚರ್ಚಲ್ಲ, ಲಿವರ್‌ಪೂಲ್ ನಗರದ ಭಾರೀ ಕಥೀಡ್ರಲ್. ಅದರ ಲೇಡಿ ಚಾಪೆಲ್ ಅನ್ನೋ ಭಾಗ 1910ರಲ್ಲಿ ತೆರೆಯಿತು. ಅಲ್ಲಿನ ಮೆಟ್ಟಿಲಿನ ಬಳಿಯ ಕಿಟಕಿಗಳು ಪೂರ್ತಿ ಹೆಂಗಸರಿಗೇ ಮೀಸಲು.

ಅವರಲ್ಲಿ ಒಬ್ಬರು ಮೇರಿ ರೋಜರ್ಸ್, ಸ್ಟೆಲ್ಲಾ ಅನ್ನೋ ಹಡಗಿನಲ್ಲಿ ಹೆಂಗಸರ ಕಡೆ ನೋಡಿಕೊಳ್ಳುತ್ತಿದ್ದ ಕೆಲಸದಾಕೆ. ವಿಧವೆ, ಎರಡು ಮಕ್ಕಳ ತಾಯಿ. 1899ರ ಮಾರ್ಚ್ 30ರಂದು ಮಂಜಿನಲ್ಲಿ ಹಡಗು ಬಂಡೆಗೆ ಬಡಿದಾಗ ತನ್ನ ತೇಲುಕವಚವನ್ನು ಇನ್ನೊಬ್ಬಳಿಗೆ ತೊಡಿಸಿ, ದೋಣಿಗೆ ಭಾರವಾಗುತ್ತದೆ ಅಂತ ತಾನು ಹತ್ತದೆ ಹಡಗಿನ ಜೊತೆಗೇ ಹೋದಳು.

ಇನ್ನೊಬ್ಬಳು ಕಿಟ್ಟಿ ವಿಲ್ಕಿನ್‌ಸನ್. ಇವಳ ಕಥೆ ನಮಗೆ ತೀರ ಹತ್ತಿರದ್ದು. 1786ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದಳು. ಲಿವರ್‌ಪೂಲಿಗೆ ಬರುವಾಗ ಹಡಗು ಒಡೆದು ಅಪ್ಪನೂ ತಂಗಿಯೂ ಮುಳುಗಿದರು. ಮದುವೆಯಾದ ನಾವಿಕನನ್ನೂ ಸಮುದ್ರವೇ ನುಂಗಿತು. ಹೊಟ್ಟೆಪಾಡಿಗೆ ಊರವರ ಬಟ್ಟೆ ಒಗೆದಳು, ಆಮೇಲೆ ಟಾಮ್ ವಿಲ್ಕಿನ್‌ಸನ್ ಅನ್ನುವವನನ್ನು ಮದುವೆಯಾದಳು. 1832ರಲ್ಲಿ ಊರಿಗೆ ಕಾಲರಾ ಬಂತು. ಬೀದಿಯಲ್ಲಿ ಬಿಸಿನೀರಿನ ಹಂಡೆ ಇದ್ದದ್ದು ಇವಳ ಮನೆಯಲ್ಲಿ ಮಾತ್ರ. ರೋಗಿಗಳ ಬಟ್ಟೆ, ಹಾಸಿಗೆ ಎಲ್ಲಾ ತಂದು ಒಗೆದುಕೊಳ್ಳಿ ಅಂತ ನೆರೆಯವರಿಗೆಲ್ಲ ಬಾಗಿಲು ತೆರೆದಳು. ಕುದಿಯುವ ನೀರು, ಜೊತೆಗೆ ಕ್ಲೋರಿನ್ ಸುಣ್ಣ. ನಾವು ಬ್ಲೀಚಿಂಗ್ ಪೌಡರ್ ಅಂತೀವಲ್ಲ, ಅದೇ. ಕಾಲರಾ ಕ್ರಿಮಿಯ ವಿಷಯ ಡಾಕ್ಟರುಗಳಿಗೇ ಸರಿಯಾಗಿ ಗೊತ್ತಿಲ್ಲದ ಕಾಲ ಅದು! ಅವಳ ಹಂಡೆಯನ್ನು ನೋಡಿಯೇ ಊರಿನವರಿಗೆ ಬುದ್ಧಿ ಬಂದು, 1842ರಲ್ಲಿ ಲಿವರ್‌ಪೂಲಿನಲ್ಲಿ ಬಡವರಿಗಾಗಿ ಸ್ನಾನದ ಮನೆ, ಬಟ್ಟೆ ಒಗೆಯುವ ಮನೆ ತೆರೆದರು. 1846ರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಅದರ ಮೇಲ್ವಿಚಾರಣೆಗೆ ಇಟ್ಟರು. ಅದೇ ವರ್ಷ ರಾಣಿಯ ಹೆಸರಿನಲ್ಲಿ ಅವಳಿಗೊಂದು ಬೆಳ್ಳಿಯ ಟೀಪಾಟ್ ಬಂತು. ಒಗೆಯುವವಳಿಗೆ ಬೆಳ್ಳಿ ಟೀಪಾಟ್! ಯಾವ ಶೆಲ್ಫಿನಲ್ಲಿ ಇಟ್ಟಳೋ ಪಾಪ.

1940ರಲ್ಲಿ ಲಿವರ್‌ಪೂಲಿನ ಮೇಲೆ ಬಾಂಬು ಬಿದ್ದಾಗ ಆ ಮೆಟ್ಟಿಲಿನ ಗಾಜುಗಳೆಲ್ಲ ಪುಡಿಯಾದವು. ಯುದ್ಧ ಮುಗಿದ ಮೇಲೆ, ಮೊದಲಿನಷ್ಟು ಕುಸುರಿ ಇಲ್ಲದೆ, ಸರಳವಾಗಿ ಅವನ್ನು ಮತ್ತೆ ಮಾಡಿಸಿದರು. ಮೇರಿಯನ್ನೂ ಬಿಡಲಿಲ್ಲ, ಕಿಟ್ಟಿಯನ್ನೂ ಬಿಡಲಿಲ್ಲ. ಕಿಟ್ಟಿ 1860ರಲ್ಲಿ ತೀರಿಕೊಂಡವಳು. ಅವಳನ್ನು ಮಣ್ಣು ಮಾಡಿದ ಜಾಗ ಒಂದು ಕಾಲದ ಕಲ್ಲುಗಣಿ, ಕಥೀಡ್ರಲ್ಲಿನ ಪಕ್ಕದಲ್ಲೇ, ಅದರ ಗೋಡೆಯ ಕೆಳಗೇ ಇದೆ.