ಹಿತ್ತಿಲ ಸಿಹಿಜೋಳ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಮದ್ದಿನ ಮಾತು ಹಾಗಿರಲಿ. ರುಚಿಯ ಮಾತಿಗೆ ಬಂದರೆ ಹಿತ್ತಿಲನ್ನು ಬಿಟ್ಟು ಬೇರೆಲ್ಲಿಯೂ ತನ್ನ ನಿಜಗುಣವನ್ನು ಪೂರ್ಣವಾಗಿ ತೋರದ ಬೆಳೆಯೊಂದಿದೆ. ಅದೇ ಸಿಹಿಜೋಳ. ಪೇಟೆಯ ಬೀದಿಯಲ್ಲಿ ಬೆಣ್ಣೆ, ಮಸಾಲೆ ಬೆರೆಸಿ ಕಾಗದದ ಬಟ್ಟಲಿನಲ್ಲಿ ಕೊಡುವ ‘ಸ್ವೀಟ್ ಕಾರ್ನ್’ ಕಾಳನ್ನು ಇಂದಿನ ಮಕ್ಕಳು ಬಲ್ಲರು. ಅದರ ತೆನೆಗೆ ಮುಸುಕುಂಟೆಂಬುದನ್ನು ಬಲ್ಲವರು ವಿರಳ. ಆ ಮುಸುಕನ್ನು ಕಂಡೇ ಅಲ್ಲವೇ ಹಿರಿಯರು ಇದರ ಕುಲಕ್ಕೆ ಮುಸುಕಿನ ಜೋಳವೆಂದು ಹೆಸರಿಟ್ಟದ್ದು! ಧಾರವಾಡದ ಕಡೆ ಇದೇ ಗೋವಿನಜೋಳ. ಮತ್ತೆ ಕೆಲವೆಡೆ ಮೆಕ್ಕೆಜೋಳ.

ಈ ಧಾನ್ಯದ ತವರು ಮೆಕ್ಸಿಕೋ. ಅಲ್ಲಿಯ ಜನರು ಸುಮಾರು 9000 ವರ್ಷಗಳ ಹಿಂದೆ ಕಾಡುಹುಲ್ಲೊಂದನ್ನು ಪಳಗಿಸಿ ಇದನ್ನು ಪಡೆದರು. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಇದರ ತೆನೆಯೇ ಎಂದು 1989ರಲ್ಲಿ ಇಬ್ಬರು ವಿದೇಶೀ ವಿದ್ವಾಂಸರು ವಾದಿಸಿದ್ದುಂಟು. 1993ರಲ್ಲಿ ಭಾರತೀಯ ಸಸ್ಯವಿಜ್ಞಾನಿಗಳು ಅದನ್ನು ಅಲ್ಲಗಳೆದು, ಅದು ಮುತ್ತುಗಳಿಂದಾದ ಮುಕ್ತಾಫಲವೆಂಬ ಕಲ್ಪಿತ ಫಲವೆಂದರು. ಶಿಲ್ಪಿಯ ಕಲ್ಪನೆಗೆ ಹೊಲದ ಸಾಕ್ಷ್ಯವನ್ನು ಹುಡುಕಹೊರಡುವುದು ವ್ಯರ್ಥಪ್ರಯಾಸವೇ ಸರಿ.

ಸಾಮಾನ್ಯ ಮೆಕ್ಕೆಜೋಳದಲ್ಲಿ ಕಾಳು ಬಲಿತಂತೆ ಸಕ್ಕರೆಯು ಪಿಷ್ಟವಾಗಿ ಮಾರ್ಪಡುತ್ತದೆ. ಸಿಹಿಜೋಳದಲ್ಲಿ ವಂಶಗುಣದ ಒಂದು ಲೋಪದಿಂದ ಆ ಮಾರ್ಪಾಟು ಕುಂಠಿತವಾಗುತ್ತದೆ. ಆ ಲೋಪವೇ ನಾಲಿಗೆಗೆ ಲಾಭವಾಯಿತು. ಆದರೆ ತೆನೆಯನ್ನು ಗಿಡದಿಂದ ಮುರಿದೊಡನೆ ಸಿಹಿ ಇಳಿಯತೊಡಗುತ್ತದೆ. ಹಳೆಯ ತಳಿಗಳಲ್ಲಂತೂ ಬಿಸಿಲುಗಾಲದ ಒಂದೇ ದಿನದಲ್ಲಿ ಅರ್ಧದಷ್ಟು ಸಕ್ಕರೆ ಕರಗಿಹೋಗುವುದುಂಟು. ಆದುದರಿಂದ ಒಲೆಯ ಮೇಲೆ ಎಸರಿಟ್ಟು, ಅದು ಮರಳತೊಡಗಿದಾಗ ಹಿತ್ತಿಲಿಗೆ ಹೋಗಿ ತೆನೆ ಮುರಿದು ತರುವುದೇ ಲೇಸು. ಐದು ನಿಮಿಷ ಬೆಂದರೆ ಸಾಕು; ಹೆಚ್ಚು ಬೇಯಿಸಿದರೆ ಕಾಳು ಗಡುಸಾಗುತ್ತದೆ. ಬಿಡಿಸಿದ ಕಾಳಿಗೆ ಕಾಯಿತುರಿ, ಹಸಿಮೆಣಸು, ನಿಂಬೆರಸ ಸೇರಿಸಿ ಸಾಸಿವೆಯ ಒಗ್ಗರಣೆ ಕೊಟ್ಟರೆ ಒಳ್ಳೆಯ ಕೋಸಂಬರಿ. ಇದಕ್ಕೆ ಬೆಲ್ಲ ಬೆರೆಸುವವರೂ ಇದ್ದಾರೆ. ಅದು ಕಬ್ಬಿಗೆ ಸಕ್ಕರೆ ಸವರಿದಂತೆ.

ಬೆಳೆಯುವವರಲ್ಲಿ ಬಹುಮಂದಿ ಎಡವುವುದು ಬಿತ್ತನೆಯಲ್ಲಿ. ಬೇಲಿಯ ಗುಂಟ ಒಂದೇ ಸಾಲು ಹಾಕಿ, ತೆನೆಯಲ್ಲಿ ಕಾಳು ಕಟ್ಟಲಿಲ್ಲವೆಂದು ಗಿಡವನ್ನು ದೂರುತ್ತಾರೆ. ತುದಿಯ ಸೂಲಂಗಿಯಿಂದ ಪರಾಗವು ಗಾಳಿಯಲ್ಲಿ ಉದುರಿ ತೆನೆಯ ರೇಷ್ಮೆಯಂಥ ಎಳೆಗಳ ಮೇಲೆ ಬೀಳಬೇಕು. ಒಂದೊಂದು ಎಳೆಗೆ ಒಂದೊಂದು ಕಾಳು. ಎಷ್ಟು ಎಳೆಗಳು ಪರಾಗವನ್ನು ಕಾಣಲಿಲ್ಲವೋ ತೆನೆಯಲ್ಲಿ ಅಷ್ಟು ಬೋಳು. ಆದುದರಿಂದ ಎರಡಡಿ ಅಂತರದಲ್ಲಿ ನಾಲ್ಕೈದು ಕಿರುಸಾಲುಗಳನ್ನು ಒತ್ತಿಗೆ ಹಾಕಿ ಚೌಕವಾಗಿ ಬಿತ್ತಬೇಕು. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಾಣಿಸಿಕೊಂಡು ದೇಶವನ್ನೆಲ್ಲ ಹಬ್ಬಿದ ಸೈನಿಕ ಹುಳು ಸುಳಿಯಲ್ಲಿ ಅಡಗಿರುತ್ತದೆ. ಹಿತ್ತಿಲ ಐವತ್ತು ಗಿಡಗಳಲ್ಲಿ ದಿನವೂ ಬೆಳಿಗ್ಗೆ ಅದನ್ನು ಕೈಯಿಂದಲೇ ಆರಿಸಬಹುದು. ಎಳೆಗಳು ಹೊರಟು ಸುಮಾರು ಇಪ್ಪತ್ತು ದಿನಗಳಾಗಿ, ಅವು ಕಂದಿ ಒಣಗಿದಾಗ ಕಾಳಿಗೆ ಉಗುರು ಚುಚ್ಚಿ ನೋಡಬೇಕು. ಹಾಲು ಬಂದರೆ ಮುರಿಯುವ ಹೊತ್ತು.

‘ಅಂಗಡಿಯಲ್ಲಿ ಸಿಗುವುದಕ್ಕೆ ಇಷ್ಟು ಪಾಡೇಕೆ? ಈಗಿನ ತಳಿಗಳ ಸಿಹಿ ಹಲವು ದಿನ ಉಳಿಯುತ್ತದೆ’ ಎನ್ನುವವರುಂಟು. ಸಿಹಿ ಉಳಿಯುವುದು ನಿಜ, ಬೀಜ ಉಳಿಯುವುದಿಲ್ಲ. ಸಂಕರ ತಳಿಯ ಕಾಳನ್ನು ಮರಳಿ ಬಿತ್ತಿದರೆ ಸಂತತಿಯು ತಾಯಿಯನ್ನು ಹೋಲದು. ವರ್ಷವರ್ಷವೂ ಪೊಟ್ಟಣಕ್ಕಾಗಿ ಅಂಗಡಿಗೆ ಕೈಯೊಡ್ಡಬೇಕು. ಅವರೆ, ಸೋರೆ, ಹೀರೆಗಳ ಬೀಜವನ್ನು ಸೂರಿನಡಿಯಲ್ಲಿ ಕಾಪಿಟ್ಟ ಮನೆಗಳಿಗೆ ಇದು ಸಣ್ಣ ಹಾನಿಯೇ? ಮಾಧುರಿ, ಪ್ರಿಯಾ ಎಂಬ ಭಾರತೀಯ ಸಿಹಿಜೋಳಗಳು ಸಂಯುಕ್ತ ತಳಿಗಳು. ಇವುಗಳ ಬೀಜವನ್ನು ಮನೆಯಲ್ಲಿಯೇ ಹಿಡಿಯಬಹುದು. ತೆನೆ ಕೊಂಚ ಚಿಕ್ಕದಾದರೂ ಹಿತ್ತಿಲಿಗೆ ಇವೇ ಯೋಗ್ಯ.

ಆದರೆ ಎರಡು ತೊಡಕುಗಳಿವೆ. ಹತ್ತಾರು ಗಿಡಗಳಿಂದಷ್ಟೇ ಬೀಜ ಹಿಡಿಯುತ್ತ ಹೋದರೆ ತಳಿ ಸೊರಗುತ್ತದೆ. ನೂರಾರು ಗಿಡಗಳು ಬೇಕು. ಆದುದರಿಂದ ನೆರೆಯ ನಾಲ್ಕಾರು ಮನೆಯವರು ಒಂದೇ ತಳಿಯನ್ನು ಏಕಕಾಲದಲ್ಲಿ ಬಿತ್ತಿ, ಬೀಜವನ್ನು ಒಟ್ಟುಮಾಡಿ ಹಂಚಿಕೊಳ್ಳತಕ್ಕದ್ದು. ಎರಡನೆಯದು, ಹೊಲದ ಮೆಕ್ಕೆಜೋಳದ ಪರಾಗ ಬಿದ್ದರೆ ಅದೇ ಪೈರಿನಲ್ಲಿಯೇ ಸಿಹಿ ಕೆಡುತ್ತದೆ. ದಾವಣಗೆರೆ, ಹಾವೇರಿಗಳ ಸೀಮೆಯಲ್ಲಿ ಮಳೆಗಾಲವಿಡೀ ಊರ ಸುತ್ತ ಮೆಕ್ಕೆಜೋಳವೇ ನಿಂತಿರುವಾಗ ಇದರಿಂದ ಪಾರಾಗುವುದು ಕಷ್ಟ. ಬಾವಿಯ ನೀರುಳ್ಳವರು ಸುತ್ತಲಿನ ಹೊಲಗಳು ಬರಿದಾಗಿರುವಾಗ, ಸಂಕ್ರಾಂತಿ ಕಳೆದೊಡನೆ ಬಿತ್ತಿದರೆ ಯುಗಾದಿಯ ಆಸುಪಾಸಿನಲ್ಲಿ ತೆನೆ ಕೈಗೆ ಬರುತ್ತದೆ.

ಬೀಜಕ್ಕೆ ಬಿಟ್ಟ ತೆನೆಗಳು ಗಿಡದಲ್ಲಿಯೇ ಒಣಗಬೇಕು. ಒಣಗಿದ ಸಿಹಿಜೋಳದ ಕಾಳು ಮುದುಡಿ ಸುಕ್ಕುಗಟ್ಟುತ್ತದೆ. ಕೆಟ್ಟಿತೆಂದು ಭ್ರಮಿಸಿ ಕೋಳಿಗೆ ಹಾಕಿಬಿಟ್ಟವರುಂಟು. ನಿಜವಾದ ಬೀಜ ಆ ಸುಕ್ಕುಗಾಳೇ. ನಡುವೆ ಅಲ್ಲೊಂದು ಇಲ್ಲೊಂದು ದುಂಡಗೆ, ನುಣುಪಾಗಿ ಕಂಡದ್ದು ಹೊಲದ ಜೋಳದ ಬೆರಕೆ. ಅದನ್ನು ಆರಿಸಿ ತೆಗೆದು ಹಿಟ್ಟಿಗೆ ಹಾಕಬಹುದು.