ಗಡಿ ಕಾಗದದ್ದು, ನೀರು ಘಟ್ಟದ್ದು

1799ರಲ್ಲಿ ಟಿಪ್ಪುವಿನ ಪತನದ ತರುವಾಯ ಬ್ರಿಟಿಷರ ವಶವಾದ ಕೆನರಾ, ಕಡಲತೀರವನ್ನೂ ಘಟ್ಟವನ್ನೂ ಒಳಗೊಂಡ ಒಂದೇ ಜಿಲ್ಲೆಯಾಗಿತ್ತು. ಮುಂದೆ ಅದನ್ನು ಉತ್ತರ, ದಕ್ಷಿಣವೆಂದು ಇಬ್ಭಾಗ ಮಾಡಲಾಯಿತು. 1862ರಲ್ಲಿ ಉತ್ತರ ಕೆನರಾ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರಲ್ಲಿ ದಕ್ಷಿಣದ ಕಾಸರಗೋಡು ಕೇರಳಕ್ಕೆ ಸೇರಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು.

ಆಡಳಿತದ ಗೆರೆಗಳು ಎಷ್ಟು ಸಲ ಬದಲಾದರೂ ನದಿಗಳ ಜಲಾನಯನ ಬದಲಾಗಲಿಲ್ಲ. ಕರಾವಳಿಗಿಳಿಯುವ ನೇತ್ರಾವತಿಯೂ ಬಯಲಿಗೆ ಹರಿಯುವ ಭದ್ರೆಯೂ ಚಿಕ್ಕಮಗಳೂರು ಜಿಲ್ಲೆಯ ಘಟ್ಟದಲ್ಲಿಯೇ ಹುಟ್ಟುತ್ತವೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುವುದರಿಂದ, ಹರಿಯಬ್ಬೆಯಿರುವ ಈ ತಾಲ್ಲೂಕಿಗೂ ಆ ಘಟ್ಟದ ಋಣವುಂಟು. ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲು ಅಳಿದರೆ ಮಂಗಳೂರಿಗೂ ಹಿರಿಯೂರಿಗೂ ನಷ್ಟವೇ. ಆದುದರಿಂದ ಕಾಡನ್ನು ಕಾಯುವ ಹೊಣೆ ಜಿಲ್ಲೆಯ ಗಡಿಯಲ್ಲಿ ನಿಲ್ಲದೆ ನೀರು ಹರಿಯುವಷ್ಟು ದೂರವೂ ಸಾಗಬೇಕು.