ಯಾರು ಹೇಳಿದ್ದು?



ವೈಟ್‌ಫೀಲ್ಡ್‌ನಲ್ಲಿರುವ ನನ್ನ ತಂಗಿಯ ಮಗಳಿಗೆ ಶಾಲೆಯಲ್ಲಿ 'ನಮ್ಮೂರಿನ ಚರಿತ್ರೆ' ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಇಂಟರ್ನೆಟ್ ನೋಡಿ ಹದಿನೈದು ಪುಟ ಬರೆದಿದ್ದಳು. ಅದರಲ್ಲಿ ಅವಳಿಗೆ ಅತ್ಯಂತ ಇಷ್ಟವಾದದ್ದು, ವಿನ್‌ಸ್ಟನ್ ಚರ್ಚಿಲ್ ಅಲ್ಲಿನ ವೇವರ್ಲಿ ಇನ್‌ಗೆ ಬರುತ್ತಿದ್ದ, ಅದರ ಮಾಲಕನ ಮಗಳನ್ನು ಪ್ರೀತಿಸಿದ್ದ ಎಂಬ ಕಥೆ.

"ಇದನ್ನು ಯಾರು ಹೇಳಿದ್ದಮ್ಮಾ?" ಎಂದೆ.

"ಹತ್ತು ಸೈಟಿನಲ್ಲಿದೆ ಖಾಲಾ!"

ಇಬ್ಬರೂ ಕೂತು ಒಂದೊಂದಾಗಿ ತೆರೆದೆವು. ವಾಕ್ಯಗಳು ಕೂಡ ಒಂದೇ. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದರು. ಮೂಲ ಹುಡುಕುತ್ತಾ ಹೋದರೆ 'ಎನ್ನಲಾಗುತ್ತದೆ' ಎಂಬಲ್ಲಿಗೆ ದಾರಿ ಮುಗಿಯಿತು. ಫೋನಿನಲ್ಲಿ ಎ.ಐ.ಯನ್ನು ಕೇಳಿದೆವು. ಅದೂ ಅದೇ ಕಥೆಯನ್ನು ಸೊಗಸಾಗಿ ಒಪ್ಪಿಸಿತು. ಅದು ಓದಿರುವುದೂ ಇಂತಹ ಪುಟಗಳನ್ನೇ ಅಲ್ಲವೇ?

ಕಂಪ್ಯೂಟರ್ ತಿಳಿಯದ ನಾವು ಮಕ್ಕಳಿಗೆ ಏನು ಹೇಳಿಕೊಡುವುದು ಎಂದು ನಮ್ಮಲ್ಲಿ ಹಲವರು ಕೈಚೆಲ್ಲುತ್ತೇವೆ. ಆದರೆ ಈ ವಿದ್ಯೆ ನಮ್ಮ ಮನೆಯದೇ. ನಂಬಲರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ (49:6). ಹದೀಸ್ ವಿದ್ವಾಂಸರು ಮಾತನ್ನು ಮಾತ್ರವಲ್ಲ, ಅದನ್ನು ತಂದವರ ಸರಣಿಯನ್ನೂ, ಅಂದರೆ ಸನದನ್ನೂ ಪರೀಕ್ಷಿಸಿದರು. ಇಮಾಮ್ ಬುಖಾರಿ(ರ) ವರದಿಗಾರರ ಕುರಿತೇ 'ಅತ್ತಾರೀಖುಲ್ ಕಬೀರ್' ಎಂಬ ಬೃಹತ್ ಗ್ರಂಥ ಬರೆದರು. ನೂರು ಮಂದಿ ಹೇಳಿದರೂ, ಎಲ್ಲರೂ ಒಬ್ಬನಿಂದಲೇ ಕೇಳಿದ್ದರೆ ಅದು ಒಬ್ಬನ ಮಾತು.

ವಿಕಿಪೀಡಿಯಾದಲ್ಲಿ ವಾಕ್ಯದ ಕೊನೆಗೆ ಚಿಕ್ಕ ಅಂಕೆ ಇರುತ್ತದೆ. ಒತ್ತಿದರೆ ಮೂಲದ ಹೆಸರು ಸಿಗುತ್ತದೆ. ಹೆಸರು ಸಿಕ್ಕಿತೆಂದು ಸುಮ್ಮನಾಗಬಾರದು, ಅಲ್ಲಿ ನಿಜವಾಗಿಯೂ ಹಾಗಿದೆಯೇ ಎಂದು ತೆರೆದು ಓದಬೇಕು.

ಹಾಗಾದರೆ ಚರ್ಚಿಲ್ ಬಂದದ್ದೇ ಸುಳ್ಳೇ? ಅಲ್ಲ. 1896ರಲ್ಲಿ ಸೈನ್ಯಾಧಿಕಾರಿಯಾಗಿ ಬೆಂಗಳೂರಿಗೆ ಬಂದದ್ದನ್ನು ಆತನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿ ಆತನ ಹೆಸರಿನಲ್ಲಿ 13 ರೂಪಾಯಿ ಬಾಕಿ ಇದೆ. ಪ್ರೇಮಕಥೆಯಷ್ಟು ರುಚಿಯಿಲ್ಲ, ನಿಜ. ಆದರೆ ಅದನ್ನು ಬರೆದಿಟ್ಟವರು ಸಾಲ ಕೊಟ್ಟವರೇ, ಬರೆದದ್ದೂ ಆಗಲೇ. 1882ರಲ್ಲಿ ವೈಟ್‌ಫೀಲ್ಡ್‌ನ ಆಂಗ್ಲೋ ಇಂಡಿಯನ್ ವಸತಿಗೆ ಹತ್ತನೇ ಚಾಮರಾಜ ಒಡೆಯರು ಜಮೀನು ಕೊಟ್ಟ ವಿಷಯಕ್ಕೆ, ಲೈಬ್ರರಿಗೆ ಹೋಗಿ ಗ್ಯಾಸೆಟಿಯರ್ ನೋಡು ಎಂದೆ.

"ಈ ಕಥೆ ತೆಗೆದರೆ ಮಾರ್ಕ್ಸ್ ಕಡಿಮೆಯಾಗುತ್ತದೆ ಖಾಲಾ" ಎಂದು ಮುಖ ಸಣ್ಣದು ಮಾಡಿದಳು.

ತೆಗೆಯಬೇಕಿಲ್ಲ ಎಂದೆ. ತುಸು ಹೊತ್ತು ಯೋಚಿಸಿ, ಆ ಪುಟದ ಮೇಲೆ 'ಜನರು ಹೇಳುವ ಕಥೆ, ದಾಖಲೆ ಸಿಕ್ಕಿಲ್ಲ' ಎಂದು ಬರೆದಳು. ಕೆಳಗೆ 13 ರೂಪಾಯಿಯ ಸಾಲವನ್ನು ಸೇರಿಸಿದಳು.